ಮೈಲುತುತ್ತದ ನೀರಿನಲ್ಲಿ ಬೇರು ಮೋಟಾಗುವುದೇಕೆ?

ಪ್ರಶ್ನೆ: ನಾನು ಬಿ.ಎಸ್ಸಿ. ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಪ್ರಾಜೆಕ್ಟಿಗಾಗಿ ಮೊಳಕೆ ಬಂದ ಸಾಸಿವೆಯನ್ನು ಮೂರು ಪಾತ್ರೆಗಳಲ್ಲಿ ಬೆಳೆಸಿದೆ. ಮೊದಲನೆಯದರಲ್ಲಿ ಬರೀ ಡಿಸ್ಟಿಲ್ಡ್ ನೀರು, ಎರಡನೆಯದರಲ್ಲಿ ಲೀಟರಿಗೆ ಕಾಲು ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), ಮೂರನೆಯದರಲ್ಲಿ ಅದೇ ದ್ರಾವಣವನ್ನು ನೂರು ಪಟ್ಟು ತೆಳು ಮಾಡಿ ಹಾಕಿದ್ದೆ. ಎರಡನೇ ಪಾತ್ರೆಯಲ್ಲಿ ಬೇರು ಕಂದಾಗಿ ಅಲ್ಲಿಗೇ ನಿಂತುಬಿಟ್ಟಿತು. ಮೂರನೆಯದರಲ್ಲಿ ಬೇರು ಗಿಡ್ಡವಾಗಿ ದಪ್ಪಗಾಗಿದೆ, ತುದಿಯ ಹತ್ತಿರವೇ ಕವಲೊಡೆದಿದೆ. ಆದರೆ ಅದರ ಎಲೆಗಳು ಹಸಿರಾಗಿಯೇ ಇವೆ. ಬೇರಿಗೆ ವಿಷಲೋಹ ಗೊತ್ತಾಗುತ್ತದೆಯೇ? ಗೊತ್ತಾದರೆ ತಡೆಯುತ್ತದೆಯೇ? ಎಲೆ ಹಸಿರಾಗಿದೆ ಎಂದರೆ ಲೋಹ ಮೇಲಕ್ಕೆ ಹೋಗಿಲ್ಲ ಎಂದು ಬರೆಯಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಗೆ ಬರೆಯಬೇಡಿ. ಕಾರಣ ಮುಂದೆ ಬರುತ್ತದೆ. ಉಳಿದೆರಡಕ್ಕೆ ಚುಟುಕಾಗಿ ಹೇಳುವುದಾದರೆ, ವಿಷಲೋಹವನ್ನು ಹೊಸ್ತಿಲಲ್ಲೇ ಗುರುತಿಸಿ ಹೊರಗಿಡುವ ಶಕ್ತಿ ಬೇರಿಗೆ ತೀರಾ ಕಡಿಮೆ. ಅದರ ಕೆಲಸದ ಬಹುಪಾಲು ಲೋಹ ಒಳಗೆ ಬಂದ ಮೇಲಿನದು. ಬಂದ ಲೋಹವನ್ನು ಹಿಡಿದು ಕಟ್ಟಬೇಕು, ಮೂಲೆಗೆ ತಳ್ಳಬೇಕು, ಮೇಲಕ್ಕೆ ಹೋಗದಂತೆ ಅಡ್ಡ ಹಾಕಬೇಕು. ಇದಕ್ಕೆ ಬೇಕಾದ ಸಾಮಗ್ರಿಯನ್ನು ಬೇರು ತನ್ನ ಬೆಳವಣಿಗೆಯಿಂದಲೇ ಕಿತ್ತುಕೊಳ್ಳುತ್ತದೆ. ನಿಮ್ಮ ಮೂರನೇ ಪಾತ್ರೆಯಲ್ಲಿ ಕಾಣುತ್ತಿರುವ ಮೋಟುತನದಲ್ಲಿ ಒಂದು ಭಾಗ ಪೆಟ್ಟು, ಇನ್ನೊಂದು ಭಾಗ ಈ ಖರ್ಚು.

ಮೊದಲು ನಿಮ್ಮ ಲೆಕ್ಕ ನೋಡೋಣ. ಹರಳಿನೊಳಗಿನ ನೀರೂ ಸೇರಿದ ಮೈಲುತುತ್ತದ ಅಣುತೂಕ ಸುಮಾರು 250. ಲೀಟರಿಗೆ ಕಾಲು ಗ್ರಾಂ ಎಂದರೆ ಒಂದು ಮಿಲಿಮೋಲಾರ್, ಅಂದರೆ 1000 ಮೈಕ್ರೊಮೋಲಾರ್. ಗಿಡ ಬೆಳೆಸಲು ಪ್ರಯೋಗಾಲಯಗಳಲ್ಲಿ ಬಳಸುವ ಪೋಷಕ ದ್ರಾವಣಗಳಲ್ಲಿ ತಾಮ್ರ ಒಂದು ಮೈಕ್ರೊಮೋಲಾರ್‌ಗಿಂತಲೂ ಕಡಿಮೆ ಇರುತ್ತದೆ. ಗಿಡಕ್ಕೆ ಅಷ್ಟು ಸಾಕು. ಎರಡನೇ ಪಾತ್ರೆಯಲ್ಲಿ ಬೇರಿಗೆ ಸಿಕ್ಕಿದ್ದು ಅದರ ಸಾವಿರ ಪಟ್ಟಿಗೂ ಹೆಚ್ಚು. ಅಲ್ಲಿ ಪ್ರತಿಕ್ರಿಯೆ ಹುಡುಕುವುದರಲ್ಲಿ ಅರ್ಥವಿಲ್ಲ. ತಾಮ್ರದ ಅಯಾನುಗಳು ಬೇರಿನ ಹೊರಕೋಶಗಳ ಪೊರೆಯನ್ನು ಕೆಡಿಸಿವೆ, ಒಳಗಿದ್ದ ಪೊಟ್ಯಾಸಿಯಂ ನೀರಿಗೆ ಸೋರಿಹೋಗಿದೆ, ಕೋಶಗಳು ಸತ್ತಿವೆ. ಕಂದುಬಣ್ಣ ಬಂದಿದ್ದು ಕೋಶದೊಳಗಿನ ಫೀನಾಲಿಕ್ ವಸ್ತುಗಳು ಆಕ್ಸಿಡೀಕರಣಗೊಂಡಿದ್ದರಿಂದ. ಮೂರನೇ ಪಾತ್ರೆಯ 10 ಮೈಕ್ರೊಮೋಲಾರ್ ಕೂಡ ಕಡಿಮೆಯೇನಲ್ಲ, ಆದರೆ ಅಲ್ಲಿ ಬೇರು ಬದುಕಿದೆ. ನೀವು ನೋಡಬೇಕಾದ್ದು ಅದನ್ನು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬೇರು ಮತ್ತು ಭಾರಲೋಹಗಳ ಬಗ್ಗೆ ಪ್ರಕಟವಾಗುವ ಲೇಖನಗಳಲ್ಲಿ ಎಷ್ಟೋ ಪ್ರಯೋಗಗಳು ಕ್ಯಾಡ್ಮಿಯಂ ಅನ್ನು 50, 100 ಮೈಕ್ರೊಮೋಲಾರ್ ಮಟ್ಟದಲ್ಲಿ ಕೊಡುತ್ತವೆ. ಸಾಕಷ್ಟು ಕಲುಷಿತವಾದ ಹೊಲದ ಮಣ್ಣಿನಲ್ಲೂ ಕಣಗಳ ನಡುವಿನ ನೀರಿನಲ್ಲಿ ಕರಗಿರುವ ಕ್ಯಾಡ್ಮಿಯಂ ಸಾಮಾನ್ಯವಾಗಿ ಒಂದು ಮೈಕ್ರೊಮೋಲಾರ್ ಮುಟ್ಟುವುದಿಲ್ಲ. ಅಂಥ ಪ್ರಯೋಗಗಳಲ್ಲಿ ಸಾಯುತ್ತಿರುವ ಕೋಶದ ಗೊಂದಲವನ್ನೇ ಸಸ್ಯದ ರಕ್ಷಣಾ ತಂತ್ರ ಎಂದು ಓದಿಬಿಡುವ ಅಪಾಯವಿದೆ. ನೀವು ಲೇಖನ ಓದುವಾಗ ಶೀರ್ಷಿಕೆ ಆದಮೇಲೆ ಮೊದಲು ಪ್ರಮಾಣ ನೋಡಿ, ಆಮೇಲೆ ಮಿಕ್ಕಿದ್ದು.

ಈಗ ಲೋಹ ಒಳಗೆ ಹೋಗುವುದು ಹೇಗೆ ಎಂಬ ವಿಷಯ. ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್ ಇವುಗಳಿಂದ ಬೆಳೆಗಳಿಗೆ ಯಾವ ಉಪಯೋಗವೂ ಇಲ್ಲ. ಹಾಗಾಗಿ ಇವನ್ನು ಒಳಗೆ ತರಲೆಂದೇ ಇರುವ ಪ್ರೋಟೀನುಗಳು ಬೇರಿನಲ್ಲಿಲ್ಲ. ಇವು ಬೇರೆಯವರ ದಾರಿಯಲ್ಲಿ ನುಗ್ಗುತ್ತವೆ. ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಗಿಡದಲ್ಲಿ ಕಬ್ಬಿಣ ಹೀರಲು ಐಆರ್‌ಟಿ1 ಎಂಬ ಸಾಗಣೆ ಪ್ರೋಟೀನು ಇದೆ. ಅದು ಕಬ್ಬಿಣದ ಜೊತೆ ಸತು, ಮ್ಯಾಂಗನೀಸ್, ಕೋಬಾಲ್ಟ್, ಕ್ಯಾಡ್ಮಿಯಂ ಎಲ್ಲವನ್ನೂ ಒಳಗೆ ಬಿಡುತ್ತದೆ. ಭತ್ತದಲ್ಲಿ ಕ್ಯಾಡ್ಮಿಯಂ ಬಹುಪಾಲು ಬರುವುದು ಮ್ಯಾಂಗನೀಸ್ ತರುವ ಎನ್‌ಆರ್‌ಎಎಂಪಿ5 ಎಂಬ ಪ್ರೋಟೀನಿನ ಮೂಲಕ. ಆರ್ಸೆನಿಕ್‌ಗೆ ಎರಡು ದಾರಿ. ಗಾಳಿಯಾಡುವ ಮಣ್ಣಿನಲ್ಲಿ ಅದು ಆರ್ಸನೇಟ್ ರೂಪದಲ್ಲಿರುತ್ತದೆ, ನೋಡಲು ಫಾಸ್ಫೇಟಿನಂತೆಯೇ ಇರುವುದರಿಂದ ರಂಜಕದ ದಾರಿ ಹಿಡಿಯುತ್ತದೆ. ನೀರು ನಿಂತ ಗದ್ದೆಯಲ್ಲಿ ಆರ್ಸನೈಟ್ ಆಗಿ ಬದಲಾಗಿ ಸಿಲಿಕಾನ್ ಹೋಗುವ ಎಲ್‌ಎಸ್‌ಐ1 ಕಾಲುವೆಯಲ್ಲಿ ತೂರುತ್ತದೆ. ಭತ್ತಕ್ಕೆ ಸಿಲಿಕಾನ್ ಬಹಳ ಬೇಕು, ಆದ್ದರಿಂದ ಆ ಕಾಲುವೆಗಳೂ ಬಹಳ.

ಹಾಗಿದ್ದರೆ ಆ ದಾರಿಯನ್ನೇ ಮುಚ್ಚಿಬಿಟ್ಟರೆ? ಕೆಲವೊಮ್ಮೆ ಸಾಧ್ಯ. 2012ರಲ್ಲಿ ಜಪಾನಿನ ವಿಜ್ಞಾನಿಗಳು ಕೊಶಿಹಿಕಾರಿ ಎಂಬ ಜನಪ್ರಿಯ ಭತ್ತದ ತಳಿಯ ಮೇಲೆ ಅಯಾನು ಕಿರಣ ಹಾಯಿಸಿ, ಎನ್‌ಆರ್‌ಎಎಂಪಿ5 ಕೆಟ್ಟುಹೋದ ಸಸಿಗಳನ್ನು ಆರಿಸಿದ್ದನ್ನು ಪ್ರಕಟಿಸಿದರು. ಕಲುಷಿತ ಗದ್ದೆಯಲ್ಲಿ ಬೆಳೆದರೂ ಅವುಗಳ ಕಾಳಿನಲ್ಲಿ ಕ್ಯಾಡ್ಮಿಯಂ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಆದರೆ ಅದೇ ದಾರಿಯಲ್ಲಿ ಬರಬೇಕಿದ್ದ ಮ್ಯಾಂಗನೀಸೂ ಕಡಿಮೆಯಾಯಿತು. ಮ್ಯಾಂಗನೀಸ್ ಚೆನ್ನಾಗಿ ಸಿಗುವ ಗದ್ದೆಯಲ್ಲಿ ಇದು ನಡೆಯುತ್ತದೆ, ಬಡ ಮಣ್ಣಿನಲ್ಲಿ ಬೆಳೆ ಸೊರಗುತ್ತದೆ. ಬೇಡದ ಲೋಹ ಬೇಕಾದ ಲೋಹದ ಬೆನ್ನಿಗೇ ಅಂಟಿಕೊಂಡು ಬರುವ ಈ ತೊಡಕು ಬೇರಿನ ಬಗೆಗಿನ ಪ್ರತಿ ಪ್ರಶ್ನೆಯಲ್ಲೂ ಎದುರಾಗುತ್ತದೆ. ಇದರ ಮತ್ತೊಂದು ಮುಖವನ್ನೂ ಗಮನಿಸಿ. ಕಬ್ಬಿಣದ ಕೊರತೆಯಾದ ಗಿಡ ಹೆಚ್ಚು ಐಆರ್‌ಟಿ1 ಮಾಡುತ್ತದೆ, ಆ ಹಸಿವಿನಲ್ಲಿ ಕ್ಯಾಡ್ಮಿಯಂ ಅನ್ನೂ ಹೆಚ್ಚು ನುಂಗುತ್ತದೆ. ಪೋಷಕಾಂಶ ಸರಿಯಾಗಿ ಸಿಕ್ಕಿದ ಗಿಡಕ್ಕೆ ಆ ಅಪಾಯ ಕಡಿಮೆ.

ತಾಮ್ರದ ಕಥೆ ಸ್ವಲ್ಪ ಬೇರೆ. ಅದು ಗಿಡಕ್ಕೆ ಬೇಕೇ ಬೇಕು, ದ್ಯುತಿಸಂಶ್ಲೇಷಣೆಯಲ್ಲಿ, ಉಸಿರಾಟದಲ್ಲಿ ಅದಕ್ಕೆ ಕೆಲಸವಿದೆ. ಹಾಗಾಗಿ ಅದಕ್ಕೆ ಸ್ವಂತ ದಾರಿಯಿದೆ. ಬೇರಿನ ಹೊರಪೊರೆಯಲ್ಲಿರುವ ಕಿಣ್ವ ತಾಮ್ರದ ಎರಡು ಧನಾವೇಶವನ್ನು ಒಂದಕ್ಕೆ ಇಳಿಸುತ್ತದೆ, ಆಮೇಲೆ ಸಿಒಪಿಟಿ ಎಂಬ ಪ್ರೋಟೀನುಗಳು ಅದನ್ನು ಒಳಗೆ ತರುತ್ತವೆ. ತಾಮ್ರ ಹೆಚ್ಚಾದಾಗ ಗಿಡ ಈ ಪ್ರೋಟೀನುಗಳನ್ನು ಕಡಿಮೆ ಮಾಡುತ್ತದೆ. ಅಂದರೆ ಬೇಕಾದ ಲೋಹದ ವಿಷಯದಲ್ಲಿ ಬೇರಿಗೆ ಅಳತೆ ಇದೆ. ಸತುವಿನ ವಿಷಯದಲ್ಲಿ ಈ ಅಳತೆ ಎಷ್ಟು ಸೂಕ್ಷ್ಮವೆಂದರೆ, ಐಆರ್‌ಟಿ1 ಪ್ರೋಟೀನಿನ ಒಳಭಾಗದ ಒಂದು ಕುಣಿಕೆಯಲ್ಲಿ ಹಿಸ್ಟಿಡಿನ್ ಅಮೈನೋ ಆಮ್ಲಗಳ ಸಾಲಿದೆ, ಸತು, ಮ್ಯಾಂಗನೀಸ್, ಕೋಬಾಲ್ಟ್ ಮಿತಿಮೀರಿ ಒಳಬಂದರೆ ಅವು ಅಲ್ಲಿ ಹೋಗಿ ಕೂರುತ್ತವೆ. ಕೂತ ಕೂಡಲೇ ಬೇರೊಂದು ಕಿಣ್ವ ಬಂದು ಆ ಪ್ರೋಟೀನಿಗೆ ಫಾಸ್ಫೇಟ್ ಗುರುತು ಹಾಕುತ್ತದೆ, ಅದರ ಮೇಲೆ ಯುಬಿಕ್ವಿಟಿನ್ ಎಂಬ ಇನ್ನೊಂದು ಗುರುತು ಬೀಳುತ್ತದೆ, ಪೊರೆಯಿಂದ ಅದನ್ನು ಒಳಗೆಳೆದು ಕೋಶದೊಳಗಿನ ರಸತುಂಬಿದ ಚೀಲವಾದ ರಸದಾನಿಯಲ್ಲಿ (ವ್ಯಾಕ್ಯೂಲ್) ನಾಶ ಮಾಡಲಾಗುತ್ತದೆ. ಸಾಗಿಸುವ ಪ್ರೋಟೀನೇ ಅಳೆಯುವ ಸಾಧನವೂ ಆಗಿದೆ. 2018ರಲ್ಲಿ ಈ ವಿವರ ಹೊರಬಂದಾಗ ನನಗಾದ ಸಂತೋಷ ಇನ್ನೂ ನೆನಪಿದೆ. ನಿಮ್ಮ "ಗೊತ್ತಾಗುತ್ತದೆಯೇ" ಎಂಬ ಪ್ರಶ್ನೆಗೆ ಅಣುವಿನ ಮಟ್ಟದಲ್ಲಿ ಸಿಕ್ಕ ಅತ್ಯಂತ ಸ್ಪಷ್ಟ ಉತ್ತರಗಳಲ್ಲಿ ಅದೊಂದು.

ಉಳಿದಂತೆ ಬೇರಿಗೆ ವಿಷ ಗೊತ್ತಾಗುವುದು ಅದರ ಪರಿಣಾಮಗಳಿಂದ. ತಾಮ್ರ, ಕಬ್ಬಿಣದಂಥ ಲೋಹಗಳು ಎಲೆಕ್ಟ್ರಾನು ಕೊಟ್ಟು ತೆಗೆದುಕೊಳ್ಳುತ್ತಾ ಹೈಡ್ರೊಜನ್ ಪೆರಾಕ್ಸೈಡನ್ನು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗಿ ಮಾಡುತ್ತವೆ, ಅದು ಎದುರಿಗೆ ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. ಕ್ಯಾಡ್ಮಿಯಂ ತಾನಾಗಿ ಹಾಗೆ ಮಾಡಲಾರದು. ಆದರೆ ಪ್ರೋಟೀನುಗಳ ಗಂಧಕದ ಕೊನೆಗಳಿಗೆ ಅಂಟಿಕೊಂಡು, ಸತು ಕೂರಬೇಕಾದಲ್ಲಿ ತಾನು ಕೂತು, ರಕ್ಷಣೆಯ ಸಾಮಗ್ರಿಯನ್ನು ಬರಿದು ಮಾಡಿ ಕೊನೆಗೆ ಅದೇ ಸ್ಥಿತಿಗೆ ತರುತ್ತದೆ. ಕೋಶದಲ್ಲಿ ಪೆರಾಕ್ಸೈಡ್ ಏರುತ್ತದೆ, ಕ್ಯಾಲ್ಸಿಯಂ ಸಂಕೇತ ಹೊಮ್ಮುತ್ತದೆ, ಎಥಿಲೀನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಸಾಲಾಗಿ ಜೀನುಗಳು ಚಾಲೂ ಆಗುತ್ತವೆ. ಈ ಸಂಕೇತಗಳ ಪಟ್ಟಿ ಯಾವ ಪಠ್ಯದಲ್ಲಾದರೂ ಸಿಗುತ್ತದೆ, ಇಲ್ಲಿ ಬೆಳೆಸುವುದಿಲ್ಲ.

ನಿಮ್ಮ ಗಿಡ್ಡ ಬೇರನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಮುಖ್ಯವಾದ ಅಣು ಒಂದಿದೆ: ಗ್ಲುಟಾಥಯೋನ್. ಮೂರೇ ಅಮೈನೋ ಆಮ್ಲಗಳ ಪುಟ್ಟ ಅಣು, ನಡುವೆ ಗಂಧಕವಿರುವ ಸಿಸ್ಟೀನ್. ಕೋಶದಲ್ಲಿ ಪೆರಾಕ್ಸೈಡ್ ತಟಸ್ಥವಾಗಿಸುವ ವ್ಯವಸ್ಥೆಗೆ ಇದು ಬೇಕು. 1985ರಲ್ಲಿ ಜರ್ಮನಿಯಲ್ಲಿ ಎರ್ವಿನ್ ಗ್ರಿಲ್, ವಿನ್ನಾಕರ್ ಮತ್ತು ಝೆಂಕ್ ಸಸ್ಯಕೋಶಗಳಿಗೆ ಕ್ಯಾಡ್ಮಿಯಂ ಕೊಟ್ಟಾಗ ಹುಟ್ಟುವ ಹೊಸ ಪೆಪ್ಟೈಡುಗಳನ್ನು ಗುರುತಿಸಿ ಅವಕ್ಕೆ ಫೈಟೊಕೀಲಟಿನ್ ಎಂದು ಹೆಸರಿಟ್ಟರು. ಗ್ಲುಟಾಥಯೋನ್ ತುಂಡುಗಳನ್ನು ಒಂದಕ್ಕೊಂದು ಪೋಣಿಸಿದರೆ ಫೈಟೊಕೀಲಟಿನ್. ಅದರಲ್ಲಿ ಸಾಲಾಗಿರುವ ಗಂಧಕಗಳು ಕ್ಯಾಡ್ಮಿಯಂ ಅನ್ನು, ಆರ್ಸನೈಟನ್ನು ಬಿಗಿಯಾಗಿ ಹಿಡಿಯುತ್ತವೆ. ಸೊಗಸೆಂದರೆ ಇದನ್ನು ಪೋಣಿಸುವ ಕಿಣ್ವ ಕೋಶದಲ್ಲಿ ಮೊದಲೇ ತಯಾರಾಗಿ ಕುಳಿತಿರುತ್ತದೆ. ಲೋಹ ಬಂದ ಕೂಡಲೇ ಕೆಲಸ ಶುರು, ಜೀನು ಚಾಲೂ ಆಗಲಿ ಎಂದು ಕಾಯಬೇಕಿಲ್ಲ. ಹೀಗೆ ಕಟ್ಟಿದ ಲೋಹವನ್ನು ಎಬಿಸಿಸಿ1, ಎಬಿಸಿಸಿ2 ಎಂಬ ಪಂಪುಗಳು ರಸದಾನಿಯೊಳಗೆ ತಳ್ಳುತ್ತವೆ. ಅಲ್ಲಿ ಕಿಣ್ವಗಳಿಗೂ ಡಿಎನ್‌ಎಗೂ ಅದರ ಕಾಟ ತಟ್ಟುವುದಿಲ್ಲ.

ಬೆಲೆ ತೆರುವುದು ಇಲ್ಲಿಯೇ. ಬೇರುತುದಿಯ ಕೋಶಗಳು ವಿಭಜನೆಯಾಗಲು ಕೂಡ ಗ್ಲುಟಾಥಯೋನ್ ಬೇಕು. ಅರಾಬಿಡಾಪ್ಸಿಸ್‌ನ ಎರಡು ರೂಪಾಂತರಿಗಳು (ಜೀನು ಬದಲಾದ ಗಿಡಗಳು) ಇದನ್ನು ಬಹಳ ಚೆನ್ನಾಗಿ ತೋರಿಸಿವೆ. ಒಂದರ ಹೆಸರು ಕ್ಯಾಡ್2. ಅದರಲ್ಲಿ ಗ್ಲುಟಾಥಯೋನ್ ಕಡಿಮೆ. ಮಾಮೂಲಿ ದ್ರಾವಣದಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ, ಕ್ಯಾಡ್ಮಿಯಂ ಬಂದರೆ ತಡೆದುಕೊಳ್ಳಲಾರದು. ಇನ್ನೊಂದು ಆರ್‌ಎಂಎಲ್1. ಅದರಲ್ಲಿ ಗ್ಲುಟಾಥಯೋನ್ ಬಹುತೇಕ ಇಲ್ಲವೇ ಇಲ್ಲ. ಯಾವ ವಿಷವೂ ಇಲ್ಲದೆಯೇ ಅದರ ಬೇರು ಮೊಳಕೆಯೊಡೆದ ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತದೆ, ತುದಿಯಲ್ಲಿ ಕೋಶಗಳು ವಿಭಜಿಸುವುದಿಲ್ಲ. ಬೇರೆ ಬೇರೆ ಪ್ರಯೋಗಾಲಯಗಳಲ್ಲಿ, ಬೇರೆ ಬೇರೆ ಕಾರಣಕ್ಕೆ ಹುಡುಕಿದ ಈ ಎರಡರಲ್ಲೂ ಕೆಟ್ಟಿದ್ದು ಒಂದೇ ಜೀನು, ಗ್ಲುಟಾಥಯೋನ್ ತಯಾರಿಕೆಯ ಮೊದಲ ಹಂತದ ಜೀನು. ವಿಷವನ್ನು ಕಟ್ಟುವುದಕ್ಕೂ ಬೇರು ಉದ್ದವಾಗುವುದಕ್ಕೂ ಒಂದೇ ಕಣಜದಿಂದ ಕಾಳು ಹೋಗಬೇಕು. ಕ್ಯಾಡ್ಮಿಯಂ ಬಂದಾಗ ಬೇರು ಕಣಜ ಬಗ್ಗಿಸಿ ಫೈಟೊಕೀಲಟಿನ್ ಮಾಡುತ್ತದೆ, ತುದಿಯ ಬೆಳವಣಿಗೆಗೆ ಕೊರತೆ ಬೀಳುತ್ತದೆ. ಗಂಧಕ ಸಾಕಷ್ಟು ಸಿಗುವ ಗಿಡಗಳು ಕ್ಯಾಡ್ಮಿಯಂ ಅನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ನಿಮ್ಮದು ತಾಮ್ರ. ಅದು ಕೂಡ ಫೈಟೊಕೀಲಟಿನ್ ತಯಾರಿಕೆಯನ್ನು ಎಬ್ಬಿಸುತ್ತದೆ, ಗ್ಲುಟಾಥಯೋನ್ ಖರ್ಚು ಮಾಡಿಸುತ್ತದೆ. ಆದರೆ ತಾಮ್ರವನ್ನು ಹಿಡಿಯುವುದರಲ್ಲಿ ಮೆಟಲೊಥಯೊನೀನ್ ಎಂಬ ಪುಟ್ಟ ಪ್ರೋಟೀನುಗಳಿಗೂ, ತಾಮ್ರವನ್ನು ಕೈಯಿಂದ ಕೈಗೆ ದಾಟಿಸುವ ಸಹಾಯಕ ಪ್ರೋಟೀನುಗಳಿಗೂ ದೊಡ್ಡ ಪಾತ್ರವಿದೆ. ವರದಿಯಲ್ಲಿ ಕ್ಯಾಡ್ಮಿಯಂನ ವಿವರಣೆಯನ್ನು ಹಾಗೇ ಎತ್ತಿ ತಾಮ್ರಕ್ಕೆ ಅಂಟಿಸಬೇಡಿ.

ಈಗ ಭೂತಗನ್ನಡಿ ತೆಗೆದುಕೊಂಡು ಮೂರನೇ ಪಾತ್ರೆಯ ಒಂದು ಬೇರಿನ ತುದಿ ನೋಡಿ. ತೀರಾ ತುದಿಯಲ್ಲಿ ಬೇರುಟೊಪ್ಪಿ, ಅದರ ಸುತ್ತ ಲೋಳೆ. ಈ ಲೋಳೆಯ ಪೆಕ್ಟಿನ್‌ನಂಥ ಸಕ್ಕರೆಸರಪಣಿಗಳಿಗೆ ಋಣಾವೇಶವಿದೆ, ತಾಮ್ರ, ಸೀಸದಂಥ ಲೋಹಗಳು ಮೊದಲು ಇಲ್ಲೇ ಅಂಟುತ್ತವೆ. ಟೊಪ್ಪಿಯ ಹಿಂದೆ ಕೋಶ ವಿಭಜಿಸುವ ಜಾಗ. ಅದರ ಹಿಂದೆ ವಿಭಜನೆ ನಿಂತು ಉದ್ದವಾಗುವ ತಯಾರಿ ನಡೆಯುವ ಚಿಕ್ಕ ಸಂಧಿವಲಯ. ಆಮೇಲೆ ಕೋಶಗಳು ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಉದ್ದವಾಗುವ ವಲಯ. ಆಮೇಲೆ ರೋಮಗಳು. ಇದೆಲ್ಲ ನಡೆಯುವುದು ತುದಿಯ ಕೆಲವು ಮಿಲಿಮೀಟರುಗಳಲ್ಲಿ. ಲೋಹದ ಪೆಟ್ಟು ಬೀಳುವುದೂ ಅಲ್ಲಿಯೇ, ಯಾಕೆಂದರೆ ಹಿಂದಿನ ಭಾಗಕ್ಕಿರುವ ಗಟ್ಟಿ ತಡೆಗಳು ಅಲ್ಲಿ ಇನ್ನೂ ಬೆಳೆದಿರುವುದಿಲ್ಲ. ಅಲ್ಯೂಮಿನಿಯಂ ಭಾರಲೋಹವಲ್ಲದಿದ್ದರೂ ಈ ಮಾತನ್ನು ಅತ್ಯಂತ ಚೊಕ್ಕವಾಗಿ ತೋರಿಸಿದ್ದು ಅದೇ. ಮೆಕ್ಕೆಜೋಳದ ಬೇರಿನ ತುದಿಯ ಎರಡು ಮೂರು ಮಿಲಿಮೀಟರಿಗೆ ಮಾತ್ರ ಅಲ್ಯೂಮಿನಿಯಂ ತಾಗಿಸಿದರೆ ಇಡೀ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ತುದಿಯನ್ನು ಬಿಟ್ಟು ಉಳಿದ ಬೇರಿಗೆಲ್ಲ ತಾಗಿಸಿದರೆ ಬೆಳವಣಿಗೆಗೆ ಹೆಚ್ಚೇನೂ ಆಗುವುದಿಲ್ಲ.

ದಪ್ಪಗಾಗಿದ್ದೇಕೆ? ಕೋಶ ಉದ್ದಕ್ಕೇ ಬೆಳೆಯುವಂತೆ ಹಿಡಿದಿಡುವ ಒಳಗಿನ ಸೂಕ್ಷ್ಮನಾಳಗಳ ಜೋಡಣೆ ಲೋಹದಿಂದ ಕೆಡುತ್ತದೆ. ಪೆರಾಕ್ಸೈಡ್ ಮತ್ತು ಪೆರಾಕ್ಸಿಡೇಸ್ ಕಿಣ್ವಗಳು ಸೇರಿ ಕೋಶಭಿತ್ತಿಯನ್ನು ಬಿಗಿಗೊಳಿಸುತ್ತವೆ. ತುದಿಯ ಕಡೆಗೆ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ಹರಿಸುವ ಪಿನ್ ಪ್ರೋಟೀನುಗಳ ವ್ಯವಸ್ಥೆ ಏರುಪೇರಾಗಿ ಆಕ್ಸಿನ್ ಬೇರೆಡೆ ಹಂಚಿಹೋಗುತ್ತದೆ. ಕೋಶ ಉದ್ದವಾಗುವ ಬದಲು ಅಡ್ಡಕ್ಕೆ ಉಬ್ಬುತ್ತದೆ. ತುದಿಯ ಹಿಡಿತ ಸಡಿಲವಾದಾಗ ಕವಲುಬೇರುಗಳು ಮೇಲೇಳುತ್ತವೆ. ಮುಖ್ಯ ಬೇರು ನಿಂತು ಕವಲು ಹೆಚ್ಚುವ ಈ ರೂಪ ತಾಮ್ರ, ಕ್ಯಾಡ್ಮಿಯಂ ಅಷ್ಟೇ ಅಲ್ಲದೆ ಬೇರೆ ಹಲವು ಬಾಧೆಗಳಲ್ಲೂ ಕಾಣುತ್ತದೆ. ಆದ್ದರಿಂದ ರೂಪ ಮಾತ್ರ ನೋಡಿ ಯಾವ ಲೋಹ ಎಂದು ಹೇಳಲಾಗದು.

ಇಲ್ಲಿ ಅಳತೆಯ ಒಂದು ಬಲೆಯಿದೆ, ಬೀಳಬೇಡಿ. ಉದ್ದವಾಗುವ ವಲಯವೇ ಕುಗ್ಗಿದಾಗ, ಹಿಂದೆ ದೂರದಲ್ಲಿ ಕಾಣಬೇಕಿದ್ದ ರೋಮಗಳೂ ಕವಲುಗಳೂ ತುದಿಯ ಹತ್ತಿರ ಬಂದಂತೆ ಕಾಣುತ್ತವೆ. "ಪ್ರತಿ ಸೆಂಟಿಮೀಟರಿಗೆ ಕವಲು" ಎಂದು ಲೆಕ್ಕ ಹಾಕಿದರೆ ಸಂಖ್ಯೆ ಏರಿಯೇ ಏರುತ್ತದೆ, ಒಂದೇ ಒಂದು ಹೊಸ ಕವಲು ಹುಟ್ಟಿರದಿದ್ದರೂ. ಹಾಗಾಗಿ ಪ್ರತಿ ಸಸಿಯ ಒಟ್ಟು ಕವಲುಗಳ ಸಂಖ್ಯೆಯನ್ನೂ ಬರೆದಿಡಿ. ಎರಡೂ ಏರಿದ್ದರೆ ಮಾತ್ರ ಕವಲೊಡೆಯುವಿಕೆ ಹೆಚ್ಚಿತು ಎನ್ನಬಹುದು.

ಬದುಕಿದ ಬೇರು ಮಾಡುವ ಇನ್ನೊಂದು ಕೆಲಸ ಹೊರಗಣ್ಣಿಗೆ ಕಾಣದು. ಬೇರಿನ ಒಳಪದರವಾದ ಎಂಡೋಡರ್ಮಿಸ್‌ನಲ್ಲಿ ಪ್ರತಿ ಕೋಶದ ಸುತ್ತ ಲಿಗ್ನಿನ್‌ನ ಪಟ್ಟಿಯಿರುತ್ತದೆ. 1865ರಲ್ಲಿ ರಾಬರ್ಟ್ ಕಾಸ್ಪರಿ ವಿವರಿಸಿದ್ದರಿಂದ ಅದಕ್ಕೆ ಕ್ಯಾಸ್ಪೇರಿಯನ್ ಪಟ್ಟಿ ಎಂದು ಹೆಸರು. ಕೋಶಗಳ ಸಂದಿಯಲ್ಲಿ ಜಾರಿ ಬರುವ ಯಾವುದೂ ಇದನ್ನು ದಾಟುವಂತಿಲ್ಲ, ಪೊರೆಯ ಮೂಲಕವೇ ಹೋಗಬೇಕು. ಇದರ ಹಿಂದೆಯೇ ಮೇಣದಂಥ ಸುಬೆರಿನ್ ಲೇಪನ ಬರುತ್ತದೆ. ಕ್ಯಾಡ್ಮಿಯಂ ತಾಗಿದ ಬೇರಿನಲ್ಲಿ ಈ ಎರಡೂ ಮಾಮೂಲಿಗಿಂತ ತುದಿಗೆ ಹತ್ತಿರದಲ್ಲೇ ಬೆಳೆಯುತ್ತವೆ. ಮೆಕ್ಕೆಜೋಳದ ಬೇರಿನ ಒಂದು ಬದಿಗೆ ಮಾತ್ರ ಕ್ಯಾಡ್ಮಿಯಂ ತಾಗುವಂತೆ ಮಾಡಿದರೆ ಆ ಬದಿಯಲ್ಲಿ ಮಾತ್ರ ತಡೆ ಬೇಗ ಬೆಳೆಯುತ್ತದೆ, ಎದುರು ಬದಿ ತನ್ನ ಪಾಡಿಗೆ ಇರುತ್ತದೆ. ಅಡ್ಡಕೊಯ್ತದಲ್ಲಿ ಅರ್ಧ ಉಂಗುರ ಮಾತ್ರ ಬಣ್ಣ ಹಿಡಿದು ಹೊಳೆಯುವ ಚಿತ್ರ ಅದು. ಬೇರಿನ ಪ್ರತಿಕ್ರಿಯೆ ಎಷ್ಟು ಸ್ಥಳೀಯ ಎಂಬುದಕ್ಕೆ ನನಗೆ ಇದಕ್ಕಿಂತ ಮನದಟ್ಟಾಗುವ ಸಾಕ್ಷ್ಯ ಬೇರೆ ತೋಚುವುದಿಲ್ಲ. ಈ ತಡೆಗೂ ಬೆಲೆಯಿದೆ, ಸುಬೆರಿನ್ ಹೊದ್ದ ಕೋಶ ಬೇಕಾದ ಪೋಷಕಾಂಶವನ್ನೂ ಸುಲಭವಾಗಿ ಹೀರಲಾರದು.

ಹೊರಗೇ ತಡೆಯುವ ಉಪಾಯಗಳು ಇಲ್ಲವೆಂದಲ್ಲ. ಆಮ್ಲಮಣ್ಣಿನಲ್ಲಿ ಗೋಧಿಯ ಬೇರುತುದಿ ಮ್ಯಾಲೇಟ್ ಎಂಬ ಸಾವಯವ ಆಮ್ಲದ ಅಯಾನು ಸುರಿದು ಅಲ್ಯೂಮಿನಿಯಂ ಅನ್ನು ಹೊರಗೇ ಕಟ್ಟುತ್ತದೆ. ಜೋಳದ ಕೆಲವು ತಳಿಗಳು ಸಿಟ್ರೇಟ್ ಸುರಿಯುತ್ತವೆ. ಅರಾಬಿಡಾಪ್ಸಿಸ್ ಒಳಬಂದ ಆರ್ಸನೇಟನ್ನು ಬೇರಿನ ಹೊರಪದರದಲ್ಲೇ ಆರ್ಸನೈಟಾಗಿ ಬದಲಿಸಿ ಮತ್ತೆ ಮಣ್ಣಿಗೆ ಉಗುಳುತ್ತದೆ. ಆ ಕಿಣ್ವ ಕೆಟ್ಟ ಗಿಡದಲ್ಲಿ ಆರ್ಸೆನಿಕ್ ಎಲೆಗೆ ನುಗ್ಗುತ್ತದೆ. ಭತ್ತದ ಬೇರು ತನ್ನ ಗಾಳಿನಾಳಗಳಿಂದ ಆಮ್ಲಜನಕ ಸೋರಿಸಿ ಸುತ್ತಲಿನ ಕರಗಿದ ಕಬ್ಬಿಣವನ್ನು ತುಕ್ಕಾಗಿಸುತ್ತದೆ. ಕೆಸರಿನಿಂದ ಕಿತ್ತ ಸಸಿಯ ಬೇರಿನ ಮೇಲೆ ಕಾಣುವ ಕೆಂಗಂದು ಲೇಪ ಅದೇ, ಆರ್ಸೆನಿಕ್ ಅದಕ್ಕೆ ಅಂಟಿಕೊಳ್ಳುತ್ತದೆ. ಕಲುಷಿತ ಮಣ್ಣಿನಲ್ಲಿ ಬೇರಿನೊಂದಿಗೆ ಬಾಳುವ ಮೈಕೊರೈಜಾ ಶಿಲೀಂಧ್ರದ ಎಳೆಗಳೂ ಎಷ್ಟೋ ಲೋಹವನ್ನು ತಮ್ಮಲ್ಲೇ ಹಿಡಿದಿಡುತ್ತವೆ. ನಿಮ್ಮ ಪಾತ್ರೆಯಲ್ಲಿ ಇದ್ಯಾವುದೂ ಇರಲಿಲ್ಲ. ಬರೀ ನೀರು, ಬರೀ ತಾಮ್ರ, ಬತ್ತಲೆ ಬೇರು. ಮಣ್ಣಿನಲ್ಲಿ ಇಷ್ಟೇ ತಾಮ್ರ ಬಿದ್ದಿದ್ದರೆ ಬಹುಪಾಲು ಸಾವಯವ ಅಂಶಕ್ಕೂ ಜೇಡಿಗೂ ಅಂಟಿಕೊಂಡು ಬೇರಿಗೆ ತಲುಪುತ್ತಲೇ ಇರಲಿಲ್ಲ.

ಹಸಿರೆಲೆಯ ಪ್ರಶ್ನೆಗೆ ಬರೋಣ. ಲೋಹ ಎಲೆಗೆ ಹೋಗುವುದು ಬಿಡುವುದು ಬೇರಿನಲ್ಲಿ ನಿಶ್ಚಯವಾಗುತ್ತದೆ, ಎರಡು ಪಂಪುಗಳ ನಡುವೆ. ಎಚ್‌ಎಂಎ3 ಕ್ಯಾಡ್ಮಿಯಂ ಅನ್ನು ಬೇರಿನ ರಸದಾನಿಗೆ ತಳ್ಳುತ್ತದೆ. ಎಚ್‌ಎಂಎ4 ಮತ್ತು ಅದರ ಬಂಧು ಎಚ್‌ಎಂಎ2 ಸತುವನ್ನೂ, ಜೊತೆಗೆ ಕ್ಯಾಡ್ಮಿಯಂ ಅನ್ನೂ ನೀರು ಮೇಲೇರುವ ಕ್ಸೈಲಂ ನಾಳಕ್ಕೆ ತುಂಬಿ ಮೇಲಕ್ಕೆ ಕಳಿಸುತ್ತವೆ. ಭತ್ತದ ಕೆಲವು ತಳಿಗಳಲ್ಲಿ ಎಚ್‌ಎಂಎ3 ಕೆಟ್ಟಿರುತ್ತದೆ, ಅಂಥವುಗಳ ಕಾಳಿನಲ್ಲಿ ಕ್ಯಾಡ್ಮಿಯಂ ಹೆಚ್ಚು. ಅರಾಬಿಡಾಪ್ಸಿಸ್‌ನಲ್ಲಿ ಎಚ್‌ಎಂಎ2, ಎಚ್‌ಎಂಎ4 ಎರಡನ್ನೂ ಕೆಡಿಸಿದರೆ ಕ್ಯಾಡ್ಮಿಯಂ ಬೇರಿನಲ್ಲೇ ಉಳಿಯುತ್ತದೆ, ಆದರೆ ಸತುವೂ ಮೇಲೇರದೆ ಗಿಡ ಕುಬ್ಜವಾಗುತ್ತದೆ. ಸತುವನ್ನು ಹೆಚ್ಚಾಗಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ.

ಇದರಾಚೆಗಿನ ತುದಿಯಲ್ಲಿ ಲೋಹಸಂಗ್ರಾಹಕ ಗಿಡಗಳಿವೆ. ಅರಾಬಿಡಾಪ್ಸಿಸ್ ಹ್ಯಾಲೆರಿಯಲ್ಲಿ ಎಚ್‌ಎಂಎ4 ಜೀನಿನ ಮೂರು ಪ್ರತಿಗಳಿದ್ದು ಭರದಿಂದ ಕೆಲಸ ಮಾಡುತ್ತವೆ, ಲೋಹ ಬೇರಿನಲ್ಲಿ ನಿಲ್ಲದೆ ಎಲೆಗೆ ಹೋಗುತ್ತದೆ. ನೊಕ್ಕಿಯಾ ಸೆರುಲೆಸೆನ್ಸ್ ಎಂಬ ಪುಟ್ಟ ಗಿಡದ ಬೇರುಗಳು ಸತು ತುಂಬಿದ ಮಣ್ಣಿನ ತುಣುಕುಗಳನ್ನು ಹುಡುಕಿಕೊಂಡು ಹೋಗಿ ಅಲ್ಲೇ ಹರಡುತ್ತವೆ, ಬೇರೆ ಗಿಡಗಳ ಬೇರು ಹಿಂಜರಿಯುವ ಜಾಗಕ್ಕೆ. ನ್ಯೂ ಕ್ಯಾಲೆಡೋನಿಯಾದ ಪಿಕ್ನಾಂಡ್ರಾ ಅಕ್ಯುಮಿನಾಟಾ ಮರದ ತೊಗಟೆ ಗೀರಿದರೆ ಸುರಿಯುವ ನೀಲಿಹಸಿರು ಹಾಲನ್ನು ಒಣಗಿಸಿದಾಗ ಅದರ ತೂಕದ ಸುಮಾರು ಕಾಲುಭಾಗ ನಿಕ್ಕಲ್. ಇವುಗಳ ಎಲೆಗಳೂ ಹಸಿರಾಗಿಯೇ ಇರುತ್ತವೆ.

ಹಾಗಾಗಿ ಹಸಿರು ಎಂಬುದು ಲೋಹ ಮೇಲಕ್ಕೆ ಹೋಗಿಲ್ಲ ಎಂಬುದಕ್ಕೆ ಸಾಕ್ಷಿಯಾಗದು. ಎಷ್ಟು ನಂಬಬಹುದು ಎಂಬುದು ಲೋಹದ ಮೇಲೆ ನಿಂತಿದೆ. ತಾಮ್ರದ ವಿಷಯದಲ್ಲಿ ಬೇರೇ ಮೊದಲು ಕುಸಿಯುತ್ತದೆ, ಎಲೆಯಲ್ಲಿ ತಿನ್ನುವವರಿಗೆ ಅಪಾಯವಾಗುವಷ್ಟು ತಾಮ್ರ ಸೇರುವ ಮೊದಲೇ ಬೆಳೆ ಬಾಡುತ್ತದೆ. ಸೀಸದ ಬಹುಪಾಲು ಬೇರಿನ ಕೋಶಭಿತ್ತಿಯಲ್ಲೇ ಉಳಿಯುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಎಲೆತರಕಾರಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಹಸಿತೂಕದ ಕೆಜಿಗೆ 0.2 ಮಿಲಿಗ್ರಾಂ. ಎಲೆಯಲ್ಲಿ ನೂರಕ್ಕೆ ತೊಂಬತ್ತು ನೀರೆಂದು ಹಿಡಿದರೆ ಒಣತೂಕದಲ್ಲಿ ಸುಮಾರು 2 ಮಿಲಿಗ್ರಾಂ. ಗಿಡದಲ್ಲಿ ರೋಗಲಕ್ಷಣ ಸಾಮಾನ್ಯವಾಗಿ ಕಾಣಲು ಶುರುವಾಗುವುದು ಒಣತೂಕದ ಕೆಜಿಗೆ 5ರಿಂದ 10 ಮಿಲಿಗ್ರಾಂ ಆದಮೇಲೆ. ನಡುವಿನ ಆ ಅಂತರದಲ್ಲಿ ಗಿಡ ನಳನಳಿಸುತ್ತಿರುತ್ತದೆ, ತಿನ್ನಲು ಮಾತ್ರ ಯೋಗ್ಯವಲ್ಲ. ನಮ್ಮ ಮೂತ್ರಪಿಂಡಕ್ಕೆ ಸೇರಿದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಜಪಾನಿನ ಜಿಂಜು ನದಿಯ ದಡದಲ್ಲಿ ಗಣಿಯ ಕ್ಯಾಡ್ಮಿಯಂ ಬೆರೆತ ನೀರಿನಿಂದ ಬೆಳೆದ ಅಕ್ಕಿಯನ್ನು ವರ್ಷಗಟ್ಟಲೆ ಉಂಡವರ ಮೂಳೆಗಳು ಮುರಿದುಬೀಳುತ್ತಿದ್ದವು. ಆ ಇಟಾಯ್-ಇಟಾಯ್ ರೋಗಕ್ಕೆ ಕ್ಯಾಡ್ಮಿಯಂ ಕಾರಣ ಎಂದು ಅಲ್ಲಿನ ಸರಕಾರ 1968ರಲ್ಲಿ ಒಪ್ಪಿಕೊಂಡಿತು. ಎಲೆಯ ಬಣ್ಣ ನೋಡಿ ಮಣ್ಣಿಗೆ ಸರ್ಟಿಫಿಕೇಟ್ ಕೊಡುವ ಅಭ್ಯಾಸವನ್ನು ನಾನು ಇಷ್ಟು ಗಟ್ಟಿಯಾಗಿ ವಿರೋಧಿಸುವುದು ಇದೇ ಕಾರಣಕ್ಕೆ.

ನಿಮ್ಮ ಪ್ರಯೋಗವನ್ನು ಇನ್ನೊಮ್ಮೆ ಮಾಡುವುದಾದರೆ ಹೀಗೆ ಮಾಡಿ. ಡಿಸ್ಟಿಲ್ಡ್ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲ, ಕ್ಯಾಲ್ಸಿಯಂ ಇಲ್ಲದ ಬೇರಿನ ಪೊರೆ ವಿಷವಿಲ್ಲದೆಯೂ ದುರ್ಬಲ. ಎಲ್ಲ ಪಾತ್ರೆಗಳಿಗೂ ಸ್ವಲ್ಪ ಕ್ಯಾಲ್ಸಿಯಂ ನೈಟ್ರೇಟ್ ಸೇರಿಸಿ, ಪಿಎಚ್ ಒಂದೇ ಇರಲಿ. ತಾಮ್ರವನ್ನು 1, 2, 5, 10 ಮೈಕ್ರೊಮೋಲಾರ್ ಎಂದು ಹಂತವಾಗಿ ಕೊಡಿ. ಲೋಹದಲ್ಲಿ ಬೆಳೆದ ಬೇರಿನ ಉದ್ದವನ್ನು ಲೋಹವಿಲ್ಲದ ಪಾತ್ರೆಯ ಬೇರಿನ ಉದ್ದದಿಂದ ಭಾಗಿಸಿ. ಹುಲ್ಲುಗಳ ಸೀಸಸಹನೆ ಅಳೆಯಲು ವಿಲ್ಕಿನ್ಸ್ 1957ರಲ್ಲಿ ಬಳಸಿದ ಸರಳ ಅನುಪಾತ ಇದು, ಇವತ್ತಿಗೂ ಇದಕ್ಕಿಂತ ಅಗ್ಗದ, ನಂಬಿಕೆಯ ಅಳತೆ ಇಲ್ಲ.

ಬೇರು ಸತ್ತಿದೆಯೋ ಸುಮ್ಮನೆ ನಿಂತಿದೆಯೋ ತಿಳಿಯಲು ಎರಡು ದಾರಿ. ತುದಿಗಳನ್ನು 0.25 ಶೇಕಡಾ ಇವಾನ್ಸ್ ಬ್ಲೂ ದ್ರಾವಣದಲ್ಲಿ ಹದಿನೈದು ನಿಮಿಷ ಇಟ್ಟು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಸತ್ತ ಕೋಶ ನೀಲಿ ಹಿಡಿಯುತ್ತದೆ, ಬದುಕಿದ್ದು ಬಣ್ಣವನ್ನು ಒಳಗೆ ಬಿಡುವುದಿಲ್ಲ. ಇನ್ನು ಕೆಲವು ಸಸಿಗಳನ್ನು ತಾಮ್ರದಿಂದ ತೆಗೆದು ಕ್ಯಾಲ್ಸಿಯಂ ಇರುವ ಶುದ್ಧ ದ್ರಾವಣಕ್ಕೆ ಹಾಕಿ, ಬೇರಿನ ತುದಿಗೆ ನೇರವಾಗಿ ಪಾತ್ರೆಯ ಹೊರಗೆ ಗುರುತು ಮಾಡಿ, ಎರಡು ಮೂರು ದಿನ ಬಿಟ್ಟು ನೋಡಿ. ಮುಖ್ಯ ಬೇರೇ ಮುಂದೆ ಸಾಗಿದ್ದರೆ ತುದಿ ಬದುಕಿತ್ತು. ಕವಲುಗಳು ಮಾತ್ರ ಬೆಳೆದಿದ್ದರೆ ಗಿಡ ಆ ತುದಿಯನ್ನು ಕಳೆದುಕೊಂಡಿದೆ.

ಉಳಿದ ಮೈಲುತುತ್ತದ ನೀರನ್ನು ಸಿಂಕಿಗೆ ಸುರಿಯಬೇಡಿ, ನೀರಿನಲ್ಲಿರುವ ಪಾಚಿಗೂ ಮೀನಿಗೂ ತಾಮ್ರ ಕಟುವಿಷ. ಡಬ್ಬಿಗೆ ತುಂಬಿ, ಹೆಸರು ಬರೆದು, ಪ್ರಯೋಗಾಲಯದ ಲೋಹತ್ಯಾಜ್ಯದ ಜೊತೆ ಕೊಡಿ.